ಖಾಲಿ ಬಿಟ್ಟ ಷರಾ

ಹಿರೋಳ್ಳಿಯ ನೀಲಮ್ಮ ಎಂಬ ಹನ್ನೊಂದು ವರ್ಷದ ಹುಡುಗಿಗೆ ಏನೂ ತಿಳಿಯುವುದಿಲ್ಲ ಎಂದು ಕಾಗದದ ಮೇಲೆ ದಾಖಲಾಗಲು ಬಿಟ್ಟವನು ನಾನು. ಅವಳಿಗೆ ತಿಳಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡು ಆಗ ಐದು ನಿಮಿಷವೂ ಆಗಿರಲಿಲ್ಲ. ನನ್ನನ್ನು ಯಾರೂ ಒತ್ತಾಯಿಸಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಬಿಸಿಲಿತ್ತು, ಅಷ್ಟೆ. ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಹೇಳಬೇಕಾದದ್ದು ಎಂದು ಅನ್ನಿಸಿಯೂ ಇರಲಿಲ್ಲ — ಹೇಸಿಗೆ ಹುಟ್ಟಿಸುವುದು ಅದೇ.

ಆಗ ನಾನು ಆಳಂದದಲ್ಲಿ ಒಂದು ಪತ್ರಿಕೆಯ ತಾಲ್ಲೂಕು ವರದಿಗಾರ. ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ. ದೂರದ ಊರಿನ ಒಂದು ಸಂಸ್ಥೆಯವರು ಡೌನ್ ಸಿಂಡ್ರೋಮ್ ಇರುವ ಮಕ್ಕಳ ಬಗ್ಗೆ ಅಧ್ಯಯನ ಮಾಡಲು ಬಂದಿದ್ದರು. ಆ ಮಕ್ಕಳು ಹೇಗೆ ಬೆಳೆಯುತ್ತಾರೆ, ಹೇಗೆ ಕಲಿಯುತ್ತಾರೆ, ಅವರ ಮನೆಗಳಲ್ಲಿ ದಿನ ಹೇಗೆ ಕಳೆಯುತ್ತದೆ — ಇದನ್ನು ತಿಳಿಯಲು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳನ್ನು ಆರಿಸಿಕೊಂಡಿದ್ದರು. ಅವರಿಗೆ ಊರು ಗೊತ್ತಿರುವ, ಇಲ್ಲಿನ ಮಾತು ಗೊತ್ತಿರುವ ಒಬ್ಬ ಬೇಕಿತ್ತು. ಪತ್ರಿಕೆಯವನು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾನೆ ಎಂದು ನನ್ನನ್ನು ಕರೆದರು. ಈ ವಾಕ್ಯ ಬರೆಯುವಾಗ ನಗು ಬರುತ್ತದೆ. ಒಳ್ಳೆಯ ನಗುವಲ್ಲ.

ಮಕ್ಕಳ ಪರೀಕ್ಷೆಗೆ ಬರುತ್ತಿದ್ದ ಸಂಶೋಧಕಿ ಮೂವತ್ತರ ಆಸುಪಾಸಿನ ಹೆಂಗಸು. ಮೈಸೂರು ಕಡೆಯವರು. ಅವರನ್ನು ದಡ್ಡಿ ಎಂದು ತೋರಿಸಿ ನಾನು ತಪ್ಪಿಸಿಕೊಳ್ಳಬಹುದು, ಎಷ್ಟೋ ವರ್ಷ ಮನಸ್ಸಿನಲ್ಲೇ ಹಾಗೆ ಮಾಡಿದ್ದೂ ಉಂಟು. ಆದರೆ ಅವರು ದಡ್ಡಿಯಾಗಿರಲಿಲ್ಲ. ಪ್ರತಿ ಮಗುವಿಗೂ ಒಂದು ಫಾರಂ ಇತ್ತು, ಅದರ ಕೊನೆಯ ಪುಟದಲ್ಲಿ ಷರಾ ಎಂಬ ದೊಡ್ಡ ಚೌಕ. ಮೊದಲ ದಿನವೇ ಅದರ ಮೇಲೆ ಬೆರಳಿಟ್ಟು ಹೇಳಿದ್ದರು: "ಮಗು ಮಾಡ್ಲಿಲ್ಲ ಅಂದ್ರೆ ಅದಕ್ಕೆ ಬರೋದಿಲ್ಲ ಅಂತ ಅಲ್ಲ ಸರ್. ಯಾಕೆ ಮಾಡ್ಲಿಲ್ಲ ಅನ್ನೋದು ನನಗೆ ಗೊತ್ತಾಗಲ್ಲ, ನಿಮಗೆ ಗೊತ್ತಾಗುತ್ತೆ. ಅದಕ್ಕೇ ಇದು ನಿಮ್ಮದು."

ಪರೀಕ್ಷೆಯಲ್ಲಿ ಒಂದಿಷ್ಟಾದರೂ ಪ್ರತಿಕ್ರಿಯೆ ತೋರಿದ ಮಕ್ಕಳಿಗೆ ಆಳಂದದಲ್ಲಿ ವಾರಕ್ಕೊಮ್ಮೆ ತರಗತಿ ನಡೆಯಲಿತ್ತು. ಎರಡು ವರ್ಷ, ತಾಯಿಯ ಜೊತೆಗೆ. ಮಾತು, ಅಕ್ಷರ, ಎಣಿಕೆ, ಒಬ್ಬರೇ ಬಸ್ ಹತ್ತಿ ಇಳಿಯುವುದು. ಅಂಥ ಮಗುವಿಗೆ ಅಂಥದ್ದು ಈ ಮೂರು ತಾಲ್ಲೂಕಿನಲ್ಲಿ ಬೇರೆಲ್ಲೂ ಸಿಗುತ್ತಿರಲಿಲ್ಲ. ಷರಾದಲ್ಲಿ ತಕ್ಕ ಕಾರಣ ಬರೆದಿದ್ದರೆ ಮತ್ತೊಮ್ಮೆ ಪರೀಕ್ಷೆ ಮಾಡುತ್ತಿದ್ದರು.

ಆ ಚೌಕದ ಬೆಲೆ ನನಗೆ ತಿಳಿಯದೆ ಇರಲಿಲ್ಲ. ಹಿರೋಳ್ಳಿಗೆ ಹೋಗುವ ಹಿಂದಿನ ವಾರ ಜೇವರ್ಗಿ ತಾಲ್ಲೂಕಿನ ಕೊಳಕೂರಿನಲ್ಲಿ ಒಬ್ಬ ಗೌಡರ ಮನೆಗೆ ಹೋಗಿದ್ದೆವು. ಅವರ ಮೊಮ್ಮಗ ಪರೀಕ್ಷೆಗೆ ಕೂರಲೇ ಇಲ್ಲ, ಅತ್ತು ಹೊರಳಾಡಿದ. ಗೌಡರು ಹೋಳಿಗೆ ಊಟ ಹಾಕಿಸಿದ್ದರು, ನನ್ನ ಪತ್ರಿಕೆಯನ್ನು ಹೊಗಳಿದ್ದರು. ನಾನು ಷರಾದಲ್ಲಿ ನಾಲ್ಕು ಸಾಲು ಬರೆದೆ: ಮಗುವಿಗೆ ನಿದ್ದೆಯಾಗಿಲ್ಲ, ಮನೆ ತುಂಬ ನೆಂಟರಿದ್ದಾರೆ, ಗದ್ದಲಕ್ಕೆ ಬೆದರಿದೆ. ಎಲ್ಲವೂ ನಿಜವೇ. ಹುಡುಗನಿಗೆ ಎರಡನೆಯ ಅವಕಾಶ ಸಿಕ್ಕಿತು, ತರಗತಿಯೂ ಸಿಕ್ಕಿತು. ಅದರಲ್ಲಿ ತಪ್ಪಿಲ್ಲ. ತಪ್ಪು ಏನೆಂದರೆ, ಹೋಳಿಗೆ ಉಂಡಾಗ ನನ್ನ ಪೆನ್ನಿಗೆ ನಾಲ್ಕು ಸಾಲು ಸಲೀಸಾಗಿ ಬಂದವು.

ಕೊಳಕೂರಿನಿಂದ ಬಸ್ಸಿನಲ್ಲಿ ವಾಪಸ್ ಬರುವಾಗಲೇ ನಾನು ಪತ್ರಿಕೆಗೆ ಬರೆಯಬೇಕೆಂದಿದ್ದ ವಿಶೇಷ ಲೇಖನದ ಮೊದಲ ವಾಕ್ಯ ಹೊಳೆಯಿತು. 'ಲೋಕವನ್ನೇ ತಂದು ಮುಂದಿಟ್ಟರೂ ಅವಳು ಕೈ ಚಾಚುವುದಿಲ್ಲ.' ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಅವಳು ಯಾರು ಎಂದು ಆಗ ಗೊತ್ತಿರಲಿಲ್ಲ. ಅಂಥ ಒಬ್ಬಳು ಬೇಕಿತ್ತು. ಹುಡುಗಿಯಾದರೆ ಇನ್ನೂ ಚೆನ್ನ ಎಂದುಕೊಂಡಿದ್ದೆ. ಘಟನೆಗಿಂತ ಮೊದಲೇ ವಾಕ್ಯ ಸಿದ್ಧ ಮಾಡಿಕೊಳ್ಳುವವರನ್ನು ನಾನು ಹೊಸ ವರದಿಗಾರರ ಮುಂದೆ ಎಷ್ಟು ಹೀಯಾಳಿಸಿಲ್ಲ!

ಹಿರೋಳ್ಳಿಗೆ ಆ ದಿನ ನಾನು ಜೀಪಿಗಿಂತ ಒಂದು ತಾಸು ಮೊದಲೇ ಹೋಗಿದ್ದೆ. ನೀಲಮ್ಮನ ಅಪ್ಪನದು ಹಿಟ್ಟಿನ ಗಿರಣಿ. ಮುಂದಿನ ಕೋಣೆಯಲ್ಲಿ ಯಂತ್ರ, ಹಿಂದೆ ಮನೆ. ಜನ ಬೆಳಿಗ್ಗೆ ಜೋಳದ ಡಬ್ಬಿ ಇಟ್ಟು ಹೋಗುತ್ತಾರೆ, ಆಮೇಲೆ ಬಂದು ಹಿಟ್ಟು ಒಯ್ಯುತ್ತಾರೆ. ಗೋಡೆಗುಂಟ ಹತ್ತಿಪ್ಪತ್ತು ಡಬ್ಬಿಗಳು ಸಾಲಾಗಿ ಇದ್ದವು. ಅವುಗಳ ಪಕ್ಕದಲ್ಲಿ ಮಣೆಯ ಮೇಲೆ, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ನೀಲಮ್ಮ ಕೂತಿದ್ದಳು. ಗುಂಡು ಮುಖ, ಸಣ್ಣ ಕಣ್ಣು, ಹಣೆಗೆ ವಿಭೂತಿ.

ಒಬ್ಬ ಮುದುಕಿ ಬಂದು ತನ್ನ ಡಬ್ಬಿಯನ್ನು ಎತ್ತಿ ನೀಲಮ್ಮನ ಕೈಗೆ ಕೊಟ್ಟು "ತಗೋ ನೀಲವ್ವ" ಎಂದಳು. ಹುಡುಗಿ ಎದ್ದು ಡಬ್ಬಿಯನ್ನು ಯಂತ್ರದ ಹತ್ತಿರ ಅಪ್ಪನಿಗೆ ಒಯ್ದು ಕೊಟ್ಟಳು. ಹಿಟ್ಟಾದ ಮೇಲೆ ತಂದು ಅದೇ ಮುದುಕಿಯ ಮುಂದಿಟ್ಟಳು. ಮತ್ತೆ ಕೂತಳು, ಕೈ ತೊಡೆಯ ಮೇಲೆ. ಮುದುಕಿ ಯಂತ್ರದ ಸದ್ದಿನ ಮೇಲೆ ಕೂಗಿ ಹುಡುಗಿಯ ಅಪ್ಪನನ್ನು ಚೇಷ್ಟೆ ಮಾಡಿದಳು: "ನಿನಗಿಂತ ನಿನ್ನ ಮಗಳೇ ಛಲೋ ನೋಡಪಾ. ನೀ ಹ್ವಾದ ವಾರ ನನಗ ಮಂದಿ ಡಬ್ಬಿ ಕೊಟ್ಟಿದ್ದಿ."

ತಾಯಿ ಶರಣಮ್ಮ ನನಗೆ ಚಹಾ ಕೊಟ್ಟು ಇದರ ಹಿಂದಿನದನ್ನು ಹೇಳಿದಳು. ನೀಲಮ್ಮ ಎಂಟು ವರ್ಷದವಳಿದ್ದಾಗ ಯಾರದೋ ಜೋಳದ ಡಬ್ಬಿಗೆ ಇನ್ಯಾರದೋ ಗೋಧಿ ಸುರಿದು ಕೈಯಾಡಿಸಿದ್ದಳಂತೆ. ಡಬ್ಬಿಯ ಒಡತಿ ಹಿಟ್ಟನ್ನು ಬಾಗಿಲಲ್ಲೇ ಚೆಲ್ಲಿ, ಬುದ್ಧಿಯಿಲ್ಲದ ನಿಮ್ಮ ಭೋಳಿ ಮುಟ್ಟಿದ್ದು ನಮಗೆ ಬೇಡ ಎಂದು ಹೋದಳಂತೆ. ಅವಳ ಹಿಂದೆ ಇನ್ನಷ್ಟು ಮನೆಯವರು ಹೋದರು. ಆಗ ಶರಣಮ್ಮ ಕಲಿಸಲು ಕೂತಳು. ದಿನಾ ಮಧ್ಯಾಹ್ನ ಮಗಳ ಮುಂದೆ ಮೂರು ಡಬ್ಬಿ ಇಡುವುದು, ಒಂದರ ಮೇಲೆ ಒಂದಿಷ್ಟು ಶೇಂಗಾ. ಮುಂದೆ ಇಟ್ಟದ್ದು ಮುಟ್ಟುವಂತಿಲ್ಲ, ಕಣ್ಣಿಗೆ ಕಂಡದ್ದು ತೆಗೆಯುವಂತಿಲ್ಲ. ವಸ್ತು ಯಾರದೋ ಅವರೇ ತಮ್ಮ ಕೈಯಿಂದ ಎತ್ತಿ ಕೊಟ್ಟು 'ತಗೋ' ಎನ್ನಬೇಕು. ಅಲ್ಲಿಯವರೆಗೆ ಕೈ ತೊಡೆಯ ಮೇಲೆ. ಒಂದೂವರೆ ವರ್ಷ ಹಿಡಿಯಿತಂತೆ. ಬಿಟ್ಟುಹೋದ ಮನೆಗಳು ಒಂದೊಂದಾಗಿ ತಿರುಗಿ ಬಂದವು. "ಈಗ ಎದುರಿಗಿ ಬಂಗಾರ ಇಟ್ರೂ ಮುಟ್ಟಂಗಿಲ್ರಿ" ಎಂದಳು. ಅವಳ ಮುಖದಲ್ಲಿದ್ದ ಹೆಮ್ಮೆ ನನಗೆ ತುಸು ಹಾಸ್ಯಾಸ್ಪದವಾಗಿ ಕಂಡಿತು. ಆದರೂ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಮರೆತಿದ್ದೆ ಎಂದು ಹೇಳುವ ದಾರಿಯನ್ನೂ ನನ್ನ ಅಕ್ಷರವೇ ಮುಚ್ಚಿದೆ.

ಜೀಪು ಬಂತು. ಪಡಸಾಲೆಯಲ್ಲಿ ಚಾಪೆ ಹಾಸಿದರು. ಸಂಶೋಧಕಿ ಒಂದು ಮರದ ಹಲಗೆ ತೆಗೆದರು. ಅದರಲ್ಲಿ ಗುಂಡು, ಚೌಕ, ತ್ರಿಕೋನದ ತೂತುಗಳು, ಅವುಗಳಿಗೆ ಸರಿಹೊಂದುವ ಬಣ್ಣದ ತುಂಡುಗಳು. ಒಂದನ್ನು ತಾವೇ ಅದರ ಜಾಗದಲ್ಲಿ ಕೂರಿಸಿ ತೋರಿಸಿ, ಉಳಿದವನ್ನು ಹುಡುಗಿಯ ಮುಂದಿಟ್ಟು "ಈಗ ನೀನು ಮಾಡು ಪುಟ್ಟಿ" ಎಂದರು. ತುಂಡುಗಳನ್ನು ಮಗುವಿನ ಕೈಗೆ ಕೊಡಬಾರದು, ಮುಂದೆ ಇಡಬೇಕು — ಅದು ಅವರ ನಿಯಮ. ಮನೆಯವರು ಮಾತಾಡಬಾರದು ಎಂಬುದೂ ನಿಯಮ. ಶರಣಮ್ಮ ಹೊಸ್ತಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ನೀಲಮ್ಮ ಮುಟ್ಟಲಿಲ್ಲ. ಎರಡೂ ಕೈ ತೊಡೆಯ ಮೇಲೆ. ಬೊಂಬೆ ಇಟ್ಟರು, ಚಿತ್ರದ ಪುಸ್ತಕ ಇಟ್ಟರು, ಗಿಲಕಿ ಇಟ್ಟರು. ಹುಡುಗಿ ಪ್ರತಿಯೊಂದನ್ನೂ ನೋಡಿದಳು, ಆಮೇಲೆ ಸಂಶೋಧಕಿಯ ಮುಖ ನೋಡಿದಳು, ಕಾದಳು. ಅವಳು ಏನನ್ನು ಕಾಯುತ್ತಿದ್ದಾಳೆ ಎಂದು ಆ ಕೋಣೆಯಲ್ಲಿ ಮೂವರಿಗೆ ಗೊತ್ತಿತ್ತು. ಅವಳಿಗೆ, ಅವಳ ತಾಯಿಗೆ, ನನಗೆ. ಮಾತಾಡಲು ಪರವಾನಗಿ ಇದ್ದದ್ದು ನನಗೊಬ್ಬನಿಗೆ. ನಾನು ಮನಸ್ಸಿನಲ್ಲಿ ಟಿಕೆಟ್ಟಿನ ಹಿಂದಿನ ವಾಕ್ಯ ಓದಿಕೊಳ್ಳುತ್ತಿದ್ದೆ. ಹೌದು — ಇವಳೇ — ಹೀಗೇ ಬೇಕಿತ್ತು...

ಸಂಶೋಧಕಿ ಫಾರಂ ತುಂಬಲು ಜೀಪಿನ ಹತ್ತಿರ ಹೋದರು. ಪೆಟ್ಟಿಗೆ, ಹಲಗೆ ಇನ್ನೂ ಚಾಪೆಯ ಮೇಲೇ ಇದ್ದವು. ಒಂದು ಕೆಂಪು ತ್ರಿಕೋನ ಹೊರಸಿನ ಕೆಳಗೆ ಸರಿದಿತ್ತು. ಶರಣಮ್ಮ ಅದನ್ನು ಎತ್ತಿ ಮಗಳ ಕೈಗೆ ಕೊಟ್ಟಳು. "ತಗೋ ಬೇ. ಅವರದು ಅವರ ಹಲಗ್ಯಾಗ ಇಟ್ಟು ಬಾ." ನೀಲಮ್ಮ ಎದ್ದಳು. ತ್ರಿಕೋನವನ್ನು ಒಮ್ಮೆ ತಿರುಗಿಸಿ ನೋಡಿ ಅದರ ತೂತಿನಲ್ಲಿ ಕೂರಿಸಿದಳು. ಶರಣಮ್ಮ ಉಳಿದ ತುಂಡುಗಳನ್ನೂ ಒಂದೊಂದಾಗಿ ಎತ್ತಿ ಕೊಟ್ಟಳು. ಗುಂಡು ಗುಂಡಿನಲ್ಲಿ, ಚೌಕ ಚೌಕದಲ್ಲಿ, ಒಂದೂ ತಪ್ಪಲಿಲ್ಲ. ಪರೀಕ್ಷೆ ಇದ್ದದ್ದೇ ಅದು. ಮುಗಿಸಿ ಬಂದು ಕೂತಳು, ಕೈ ತೊಡೆಯ ಮೇಲೆ.

ಶರಣಮ್ಮ ನನ್ನ ಕಡೆ ತಿರುಗಿದಳು. "ನೋಡಿದ್ರಲ್ರಿ? ನೀವರೆ ಹೇಳ್ರಿ ಅವರಿಗಿ. ನಾ ಹೇಳಿದ್ರ ಅವರಿಗಿ ತಿಳೀತದೋ ಇಲ್ಲೋ. ನೀವು ನಮ್ಮ ಕಡಿಯವರೇ ಅದೀರಿ."

"ಹೇಳ್ತೇನ್ರಿ" ಎಂದೆ.

ಹೊರಗೆ ಜೀಪಿನ ಬಾನೆಟ್ ಕಾದಿತ್ತು. ಫಾರಂ ಅದರ ಮೇಲಿತ್ತು. 'ಪ್ರತಿಕ್ರಿಯೆ ಇಲ್ಲ, ಪ್ರತಿಕ್ರಿಯೆ ಇಲ್ಲ' — ಪುಟದ ತುಂಬ ಅದೇ. ಸಂಶೋಧಕಿ ಕೊನೆಯ ಪುಟ ತಿರುವಿ ಪೆನ್ನು ನನ್ನ ಕಡೆ ಚಾಚಿದರು. "ಷರಾ ಏನಾದ್ರೂ ಇದೆಯಾ ಸರ್?"

"ಏನಿಲ್ಲ ಮೇಡಂ."

ಎರಡು ಪದ. ಅವರು ಇನ್ನೊಮ್ಮೆ ನನ್ನ ಮುಖ ನೋಡಿದರು — ನೋಡಿದರು ಎಂದು ನನಗೆ ಈಗ ಅನ್ನಿಸುತ್ತಿರಬಹುದು. ನಾನು ಸಹಿ ಹಾಕಿದೆ.

ಯಾಕೆ? ಲೇಖನದ ವಾಕ್ಯ ಹಾಳಾಗುತ್ತದೆ ಎಂದೇ? ಅದು ಅರ್ಧ. ಇನ್ನರ್ಧವನ್ನು ಇಷ್ಟು ವರ್ಷ ನನಗೇ ಹೇಳಿಕೊಂಡಿರಲಿಲ್ಲ. ಈ ಹುಡುಗಿ ತರಗತಿಗೆ ಹೋದರೇನು, ಬಿಟ್ಟರೇನು? ಹೋದರೂ ಇವಳು ಕಲಿಯುವುದಾದರೂ ಏನನ್ನು? — ಹೀಗೆ ಅಂದುಕೊಂಡೆ. ಕಣ್ಣ ಮುಂದೆ ಅವಳು ಕಲಿತದ್ದನ್ನು ನೋಡಿಯೂ ಹಾಗೇ ಅಂದುಕೊಂಡೆ. ಹಿಟ್ಟು ಬಾಗಿಲಲ್ಲಿ ಚೆಲ್ಲಿ ಹೋದವಳಿಗಿಂತ ನಾನು ಕೀಳು. ಅವಳು ತನ್ನ ತಿರಸ್ಕಾರವನ್ನು ಬಾಯಿಬಿಟ್ಟು ಹೇಳಿದಳು. ನಾನು ಅದನ್ನು ಖಾಲಿ ಚೌಕವಾಗಿ ಬಿಟ್ಟು, ಕೆಳಗೆ ನೀಟಾಗಿ ಸಹಿ ಹಾಕಿದೆ.

ಲೇಖನ ಅಚ್ಚಾಯಿತು. ಮೊದಲ ವಾಕ್ಯವನ್ನು ಎಲ್ಲರೂ ಮೆಚ್ಚಿದರು. ಓದಿ ಕಣ್ಣೀರು ಬಂತು ಎಂದು ಫೋನ್ ಮಾಡಿದವರೂ ಇದ್ದರು. ಅಳುವುದು ಸುಲಭ, ಅವರು ಹಿರೋಳ್ಳಿಗೆ ಹೋಗಬೇಕಾಗಿರಲಿಲ್ಲ. ಮುಂದಿನ ವರ್ಷ ನನ್ನನ್ನು ಕಲಬುರಗಿಯ ಡೆಸ್ಕಿಗೆ ಕರೆಸಿಕೊಂಡರು.

ಅದಕ್ಕೂ ಮೊದಲು ಶರಣಮ್ಮ ಒಮ್ಮೆ ನನ್ನ ಕೋಣೆಗೆ ಬಂದಿದ್ದಳು. ಸಂಸ್ಥೆಯಿಂದ ಬಂದ ಪತ್ರವನ್ನು ಊರಿನಲ್ಲಿ ಯಾರಿಂದಲೋ ಓದಿಸಿಕೊಂಡಿದ್ದಳು. ಮಗಳು ಆಯ್ಕೆಯಾಗಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಒಂದೇ ಮಾತು ಕೇಳಿದಳು: "ನೀವು ಹೇಳಿದ್ರಲ್ರಿ ಅವರಿಗಿ?"

"ಹೇಳೀನ್ರಿ" ಎಂದೆ. ದನಿ ನಡುಗಲಿಲ್ಲ. ಈ ವೃತ್ತಿ ನನಗೆ ಅಷ್ಟನ್ನಾದರೂ ಕಲಿಸಿತ್ತು.

ಅವರು ಮತ್ತೆ ಬರುತ್ತಾರೇನು ಎಂದು ಕೇಳಿದಳು. ಸುದ್ದಿ ಕಳಿಸುವ ಹೊತ್ತಾಗುತ್ತಿತ್ತು, ಅವಳು ಎದ್ದು ಹೋದರೆ ಸಾಕಿತ್ತು. ಮುಂದಿನ ವರ್ಷ ಬರಬಹುದು ಎಂದೆ. ಅವರು ಬರುವವರಲ್ಲ ಎಂದು ನನಗೆ ಗೊತ್ತಿತ್ತು. ಅವಳು ತಲೆ ಆಡಿಸಿ, ಪತ್ರವನ್ನು ನಾಲ್ಕು ಮಡಿಕೆ ಮಾಡಿ ಎದ್ದಳು.

ಕಳೆದ ತಿಂಗಳು ಆ ಸಂಸ್ಥೆಯ ಅಧ್ಯಯನ ಪುಸ್ತಕವಾಗಿ ನಮ್ಮ ಪತ್ರಿಕೆಗೆ ಬಂತು. ಪರಿಚಯ ಬರೆಯಲು ನನ್ನ ಮೇಜಿಗೇ ಕಳಿಸಿದರು. ಮನೆಯಲ್ಲಿ ಕಲಿತದ್ದು ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು, ಅಂಥಲ್ಲಿ ಸ್ಥಳೀಯ ವೀಕ್ಷಕರ ಷರಾ ತುಂಬ ಉಪಯೋಗಕ್ಕೆ ಬಂತು ಎಂದು ಅದರಲ್ಲಿ ಒಂದು ಪ್ಯಾರಾ ಇತ್ತು. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರು. ಒಂದಕ್ಷರವೂ ತಪ್ಪಿರಲಿಲ್ಲ. ಪುಸ್ತಕದ ನಡುವೆ ಎಲ್ಲೋ ಪ್ರತಿಕ್ರಿಯೆ ತೋರದ ಮಕ್ಕಳ ಸಾಲಿನಲ್ಲಿ, ಹೆಸರಿಲ್ಲದೆ, ನೀಲಮ್ಮ.

ಆ ಪ್ಯಾರಾ ಓದಿದ ಮೇಲೆ ಪರಿಚಯ ಬರೆಯಲಾಗಲಿಲ್ಲ. ಭಾನುವಾರ ಹಿರೋಳ್ಳಿಯ ಬಸ್ ಹತ್ತಿದೆ. ಪಶ್ಚಾತ್ತಾಪ ಎಂಬ ದೊಡ್ಡ ಹೆಸರು ಅದಕ್ಕೆ ಬೇಡ. ತಪ್ಪು ಸುದ್ದಿ ಹಾಕಿದರೆ ತಿದ್ದುಪಡಿ ಹಾಕಬೇಕು, ಇಷ್ಟು ದಿನ ಬೇರೆಯವರ ತಪ್ಪುಗಳಿಗೆ ಅದನ್ನೇ ಮಾಡುತ್ತ ಬಂದಿದ್ದೇನೆ.

ಗಿರಣಿ ಇತ್ತು. ಗೋಡೆಗುಂಟ ಐದಾರು ಡಬ್ಬಿಗಳು. ಮಣೆ ಇರಲಿಲ್ಲ. ಗಿರಣಿಗೂ ಮನೆಗೂ ನಡುವಿನ ಬಾಗಿಲಿಗೆ ಗಿರಣಿಯ ಕಡೆಯಿಂದ ಚಿಲಕ ಹಾಕಿತ್ತು. ಹಿಂದಿನ ಬಾಗಿಲಿನಿಂದ ಒಳಗೆ ಹೋಗಿ ಹೊರಸಿನ ಮೇಲೆ ಕೂತೆ. ನೀಲಮ್ಮನಿಗೆ ಈಗ ಇಪ್ಪತ್ತು. ನಾನು ಚೀಲ ಕೆಳಗಿಟ್ಟೆನೋ ಇಲ್ಲವೋ, ಅವಳು ಬಂದು ಅದನ್ನು ತೆರೆದು, ಕನ್ನಡಕದ ಡಬ್ಬಿ ತೆಗೆದು, ನೀರಿನ ಬಾಟಲಿ ತೆಗೆದು, ಹೊರಗಿನ ಜೇಬಿನ ಪೆನ್ನು ತೆಗೆದು ಚಾಪೆಯ ಮೇಲೆ ಇಡತೊಡಗಿದಳು. ನಗುತ್ತಿದ್ದಳು, ತಾಯಿಯ ಕಡೆ ನೋಡಿ. ಮಾಡಿದ್ದು ಸರಿಯಾಯಿತಲ್ಲ ಎಂದು ಕೇಳುವಂತೆ.

"ಇಡು ಬೇ" ಎಂದಳು ಶರಣಮ್ಮ, ಬಳಲಿದ ದನಿಯಲ್ಲಿ.

ನಾನು ಹೇಳಿದೆ. ಟಿಕೆಟ್ಟಿನ ಹಿಂದಿನ ವಾಕ್ಯದಿಂದ ಹಿಡಿದು 'ಏನಿಲ್ಲ ಮೇಡಂ' ವರೆಗೆ, ಆಮೇಲೆ ನನ್ನ ಕೋಣೆಯಲ್ಲಿ ಹೇಳಿದ ಎರಡು ಸುಳ್ಳುಗಳನ್ನೂ. ಶರಣಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು ಎಂದು ಬರೆಯಲು ಹೊರಟಿದ್ದೆ, ನೋಡಿ — ನನ್ನ ಹಗುರ ಯಾರಿಗೆ ಬೇಕಾಗಿದೆ?

ಅವಳು ಹೇಳಿದಳು: "ನೀವು ಹೇಳೀನ್ರಿ ಅಂದಿದ್ರಿ. ನಾ ನಂಬಿದ್ದೆ. ಹೇಳಿದ್ರೂ ಇಕಿನ್ನ ತಗೊಳ್ಳಲಿಲ್ಲ ಅಂದ್ರ, ಮುಟ್ಟಬ್ಯಾಡಂತ ನಾ ಕಲಿಸಿದ್ದೇ ತಪ್ಪಾತು ಅಂದ್ಕೊಂಡೆ. ಮತ್ತ ಅವರು ಬರ್ತಾರಂತ... ಎಲ್ಲಾ ಬಿಡಿಸಿದೆ ನೋಡ್ರಿ."

ಉಳಿದದ್ದನ್ನು ತುಂಡು ತುಂಡಾಗಿ ಹೇಳಿದಳು. ಅದೇ ಮೂರು ಡಬ್ಬಿ, ಅದೇ ಮಧ್ಯಾಹ್ನ. ಈ ಸಲ ಶೇಂಗಾ ಸಿಗುತ್ತಿದ್ದುದು ಮುಟ್ಟಿದರೆ. ಮುಂದೆ ಏನಿಟ್ಟರೂ ತೆಗೆ, ತಿರುಗಿಸಿ ನೋಡು, ಕಾಯಬೇಡ. ಕಲಿಯಲು ಒಂದೂವರೆ ವರ್ಷ ಹಿಡಿದದ್ದು ಬಿಡಲು ಕೆಲವೇ ತಿಂಗಳು ಸಾಕಾಯಿತು. ಜೀಪು ಬರಲಿಲ್ಲ. ನೀಲಮ್ಮ ಗಿರಣಿಯ ಡಬ್ಬಿಗಳನ್ನು ತೆರೆದಳು, ಒಂದರದು ಇನ್ನೊಂದಕ್ಕೆ ಸುರಿದಳು. ಜನ ಮತ್ತೆ ಹೋದರು, ಈ ಸಲ ತಿರುಗಿ ಬರಲಿಲ್ಲ. ಮತ್ತೆ ಮುಟ್ಟಬೇಡ ಎಂದು ಕಲಿಸಲು ಹೋದಾಗ ಹುಡುಗಿ ತಾಯಿಯ ಮುಖ ನೋಡಿ ನೋಡಿ ಅತ್ತಳಂತೆ — ಯಾವುದು ಸರಿ ಎಂದು ತಿಳಿಯದೆ. ಒಬ್ಬರ ಸೀಮಂತದಲ್ಲಿ ಉಡಿ ತುಂಬುವ ತಟ್ಟೆಗೆ ಕೈ ಹಾಕಿದಳು. ಅಂದಿನಿಂದ ಅವಳನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ. ಅಪ್ಪ ಚಿಲಕ ಹಾಕಿಸಿದ.

ಆ ತರಗತಿಗೆ ಬರುತ್ತಿದ್ದ ಅಫಜಲಪುರದ ಒಬ್ಬ ಹುಡುಗಿಯನ್ನು ನಾನು ಈಚೆಗೆ ಆಳಂದದ ಬಸ್ ನಿಲ್ದಾಣದಲ್ಲಿ ನೋಡಿದ್ದೆ. ಬೋರ್ಡ್ ಓದಿಕೊಂಡು, ಒಬ್ಬಳೇ ಬಸ್ ಹತ್ತಿದಳು. ಅದನ್ನು ಶರಣಮ್ಮನಿಗೆ ಹೇಳಲಿಲ್ಲ. ಇದೊಂದನ್ನು ಮುಚ್ಚಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ.

ಸಂಸ್ಥೆಗೆ ಬರೆಯುತ್ತೇನೆ, ಪತ್ರಿಕೆಯಲ್ಲೂ ಹೆಸರು ಹಾಕಿಯೇ ಬರೆಯುತ್ತೇನೆ ಎಂದೆ. ನಿಮ್ಮ ಹೆಸರು ಹಾಕಲೇ, ಬೇಡವೇ ಎಂದು ಕೇಳಿದೆ. ಮಗಳ ಹೆಸರು ಹಾಕ್ರಿ ಎಂದಳು. ಆಮೇಲೆ ಕೇಳಿದಳು: "ಈಗ ಬರದ್ರ ಏನಾಗ್ತದ್ರಿ?"

"ಏನೂ ಆಗೂದಿಲ್ರಿ" ಎಂದೆ. ಅವಳ ಪ್ರಶ್ನೆಗೆ ನಾನು ಕೊಟ್ಟ ಮೊದಲ ನಿಜವಾದ ಉತ್ತರ ಅದು.

ಅವಳು ಎದ್ದು ಚಾಪೆಯ ಮೇಲಿದ್ದ ನನ್ನ ಸಾಮಾನುಗಳನ್ನು ಒಂದೊಂದಾಗಿ ಎತ್ತಿ ಮಗಳ ಕೈಗೆ ಕೊಟ್ಟಳು. ನೀಲಮ್ಮ ಒಂದೊಂದನ್ನೇ ಚೀಲಕ್ಕೆ ಹಾಕಿದಳು. ಪೆನ್ನನ್ನು ಮಾತ್ರ ತಿರುಗಿಸಿ ನೋಡಿ, ಅದು ಮೊದಲಿದ್ದ ಹೊರಗಿನ ಸಣ್ಣ ಜೇಬಿನಲ್ಲೇ ಸಿಕ್ಕಿಸಿದಳು.

ಅದೇ ಪೆನ್ನಿನಿಂದ ಬಸ್ಸಿನಲ್ಲಿ ಈ ಕೆಳಗಿನದನ್ನು ಬರೆದೆ. ಸಂಸ್ಥೆಗೆ ಕಳಿಸಿದ ಪತ್ರದಲ್ಲೂ ಇದೇ ಇದೆ, ಒಂದಕ್ಷರ ಹೆಚ್ಚಿಲ್ಲ.

ಷರಾ: ಮಗು ಮುಂದಿಟ್ಟ ವಸ್ತುಗಳನ್ನು ಮುಟ್ಟಲಿಲ್ಲ. ಬೇರೆಯವರ ವಸ್ತುವನ್ನು ಅವರು ಕೈಗೆ ಕೊಟ್ಟು 'ತಗೋ' ಎನ್ನುವವರೆಗೆ ಮುಟ್ಟಬಾರದೆಂದು ತಾಯಿ ಒಂದೂವರೆ ವರ್ಷ ಕಲಿಸಿದ್ದಾಳೆ, ಮಗು ಕಲಿತಿದೆ. ಕೈಗೆ ಕೊಟ್ಟಾಗ ಎಲ್ಲ ತುಂಡುಗಳನ್ನೂ ಸರಿಯಾದ ಜಾಗದಲ್ಲಿ ಇಟ್ಟಿತು. ಇದನ್ನು ನಾನು ನೋಡಿದ್ದೇನೆ. ಅಂದು ಬರೆಯಲಿಲ್ಲ.